ಕಡಿಮೆ ಬೆಲೆಯ ಮಾಡ್ಯುಲರ್ ಕಿಚನ್: ಕೊಳ್ಳುವ ಮುಂಚೆ ಏನು ನೋಡಬೇಕು?



ಎರಡು ವರ್ಷದ ಹಿಂದಿನ ಮಾತು. ಆಗಸ್ಟ್ ತಿಂಗಳು, ಶನಿವಾರ ಬೆಳಗ್ಗೆ. ಪುಣೆಯಲ್ಲಿ ಮಳೆ ಹಿಡಿದಿತ್ತು. ನಾನು ಹಾಲ್‌ನಲ್ಲಿ ಕೂತು ಲ್ಯಾಪ್‌ಟಾಪ್ ನೋಡ್ತಿದ್ದೆ. ಅಡುಗೆಮನೆಯಿಂದ ಧಡಾರ್ ಅಂತ ಸದ್ದು ಬಂತು. ಓಡಿಹೋಗಿ ನೋಡಿದರೆ ಗೋಡೆಗೆ ಹಾಕಿದ ಮೇಲಿನ ಕ್ಯಾಬಿನೆಟ್ ಒಂದು ಕಡೆ ಕಳಚಿ ವಾಲಿ ನಿಂತಿದೆ. ಸ್ಟೀಲ್ ಡಬ್ಬಿಗಳೆಲ್ಲ ಕೆಳಗೆ. ತೊಗರಿಬೇಳೆ, ರವೆ, ಸಕ್ಕರೆ ನೆಲದ ತುಂಬ. ಅದರ ಕೆಳಗೇ ಒಲೆ. ಒಲೆಯ ಮುಂದೆ ನಮ್ಮ ಅವ್ವ ಚಹಾಕ್ಕೆ ಇಟ್ಟಿದ್ದಳು. ಪುಣ್ಯಕ್ಕೆ ಆ ಗಳಿಗೆಗೆ ಹಾಲು ತಗೊಳ್ಳೋಕೆ ಫ್ರಿಜ್ ಹತ್ತಿರ ಹೋಗಿದ್ದಳು. ಎರಡು ಹೆಜ್ಜೆ ಅಷ್ಟೇ.

ಅವ್ವ ಮೊದಲು ಗ್ಯಾಸ್ ಆರಿಸಿದಳು. ಆಮೇಲೆ ನನ್ನ ಮುಖ ನೋಡಿ, "ಎಷ್ಟು ರೊಕ್ಕಾ ಕೊಟ್ಟಿದ್ದೆಪಾ ಇದಕ್ಕ?" ಅಂದಳು.

ಒಂದು ಲಕ್ಷ ಮೂವತ್ತು ಸಾವಿರ ಕೊಟ್ಟಿದ್ದೆ. ಹದಿನಾಲ್ಕು ತಿಂಗಳಾಗಿತ್ತು. ಯಾವ ಅಂಗಡಿ ಅಂತ ಹೇಳಲ್ಲ, ಅದರಿಂದ ಉಪಯೋಗ ಇಲ್ಲ. ಯಾಕಂದ್ರೆ ಆಮೇಲೆ ಕೂತು ಲೆಕ್ಕ ಹಾಕಿದಾಗ ತಪ್ಪಿನಲ್ಲಿ ನನ್ನ ಪಾಲೂ ಸಾಕಷ್ಟು ಇತ್ತು. ಕೊಳ್ಳುವ ಮುಂಚೆ ನಾನು ಮೂರು ಕೊಟೇಶನ್ ತರಿಸಿ ಒಂದು ಸ್ಪ್ರೆಡ್‌ಶೀಟ್ ಮಾಡಿದ್ದೆ. ಬೆಲೆ, ಬಣ್ಣ, ವಾರಂಟಿ, ಎಷ್ಟು ದಿನದಲ್ಲಿ ಕೊಡ್ತಾರೆ, ಗೂಗಲ್‌ನಲ್ಲಿ ಎಷ್ಟು ಸ್ಟಾರ್ ಅನ್ನೋ ಕಾಲಂ ಎಲ್ಲ ಇತ್ತು. ಆ ಪೆಟ್ಟಿಗೆ ಯಾವುದರಿಂದ ಮಾಡಿದ್ದು, ಗೋಡೆಗೆ ಹೇಗೆ ನಿಲ್ಲುತ್ತೆ ಅನ್ನೋ ಕಾಲಂ ಮಾತ್ರ ಇರಲಿಲ್ಲ. ನಾನು ಸ್ಟ್ರಕ್ಚರಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡಿ ಸಾಫ್ಟ್‌ವೇರ್‌ಗೆ ಬಂದವನು. ಕಲಿತದ್ದು ನೆನಪಿಗೆ ಬಂದದ್ದು ಕ್ಯಾಬಿನೆಟ್ ಬಿದ್ದ ಮೇಲೆ.

ಹಾಗಾಗಿ ಇವತ್ತಿನ ಮಾತು ಇದೇ. ಇಎಂಐ ಕಟ್ಟಿ, ರಿಜಿಸ್ಟ್ರೇಶನ್ ಮುಗಿಸಿ, ಕೈಯಲ್ಲಿ ಉಳಿದ ಒಂದೂವರೆ ಲಕ್ಷದಲ್ಲೋ ಎರಡು ಲಕ್ಷದಲ್ಲೋ ಕಿಚನ್ ಮಾಡಿಸಬೇಕು ಅನ್ನೋರಿಗೆ ಇದು. ಐದು ಲಕ್ಷದ ಕಿಚನ್ ತಗೊಳ್ಳಿ ಅಂತ ಹೇಳೋಕೆ ನಾನು ಬಂದಿಲ್ಲ. ಕಡಿಮೆ ಬೆಲೆ ಅಂದ ಕೂಡಲೇ ಕಳಪೆ ಅಂತಲ್ಲ. ಬೆಲೆ ಎಲ್ಲಿ ಕಡಿಮೆ ಮಾಡಿದ್ದಾರೆ ಅನ್ನೋದನ್ನ ನೋಡಬೇಕು.

ಫ್ಲಾಟ್ ಪ್ಯಾಕ್ ಅಂದರೆ

ಬಿಡಿ ಹಲಗೆಗಳನ್ನ ಕಾರ್ಖಾನೆಯಲ್ಲಿ ಅಳತೆಗೆ ಕೊಯ್ದು, ತೂತು ಕೊರೆದು, ರಟ್ಟಿನ ಡಬ್ಬಿಯಲ್ಲಿ ಚಪ್ಪಟೆಯಾಗಿ ಕಳಿಸ್ತಾರೆ. ಮನೆಯಲ್ಲಿ ಜೋಡಿಸ್ತಾರೆ. ಐಕಿಯಾ ಕಂಪನಿ 1956ರಿಂದ ಈ ದಾರಿ ಹಿಡಿಯಿತು. 2018ರ ಆಗಸ್ಟ್‌ನಲ್ಲಿ ಅದರ ಮೊದಲ ಭಾರತೀಯ ಮಳಿಗೆ ಹೈದರಾಬಾದ್‌ನಲ್ಲಿ ತೆರೆಯಿತು. ಆದರೆ ಇವತ್ತು ನಮ್ಮೂರುಗಳಲ್ಲಿ "ಫ್ಯಾಕ್ಟರಿ ಮೇಡ್ ಮಾಡ್ಯುಲರ್" ಅಂತ ಮಾರೋದೆಲ್ಲ ಹೆಚ್ಚುಕಡಿಮೆ ಇದೇ ಪದ್ಧತಿ.

ಇದರಲ್ಲಿ ಎರಡು ಭಾಗ. ಒಳಗಿನ ಪೆಟ್ಟಿಗೆಗೆ ಕಾರ್ಕಸ್ ಅಂತಾರೆ. ಮುಂದಿನ ಬಾಗಿಲಿಗೆ ಶಟರ್ ಅಂತಾರೆ. ಶೋರೂಮ್‌ನಲ್ಲಿ ನಮಗೆ ತೋರಿಸೋದು ಶಟರ್. ಅಕ್ರಿಲಿಕ್, ಗ್ಲಾಸಿ, ಮ್ಯಾಟ್, ನೀಲಿ, ಬೂದಿ. ಹೊರೆ ಹೊರೋದು ಮಾತ್ರ ಕಾರ್ಕಸ್. ಶಟರ್ ಕೆಟ್ಟರೆ ಬದಲಾಯಿಸಬಹುದು. ಕಾರ್ಕಸ್ ಕೆಟ್ಟರೆ ಇಡೀ ಕಿಚನ್ ಬಿಚ್ಚಬೇಕು. ಸೆಂಡ್‌ ಬಟನ್‌ನ ಬಣ್ಣ ನೋಡಿ ಸರ್ವರ್ ಚೆನ್ನಾಗಿದೆ ಅಂತ ನಾವು ಯಾವತ್ತಾದರೂ ಹೇಳ್ತೀವಾ? ಅಡುಗೆಮನೆ ವಿಷಯದಲ್ಲಿ ಎಲ್ಲರೂ ಅದನ್ನೇ ಮಾಡ್ತೀವಿ.

ಹಲಗೆ ಯಾವುದು?

ಅಗ್ಗದ ಕಿಚನ್‌ನಲ್ಲಿ ಸಾಮಾನ್ಯವಾಗಿ ಸಿಗೋದು ನಾಲ್ಕು ಬಗೆ. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರುಗಳನ್ನ ಅಂಟು ಹಾಕಿ ಒತ್ತಿದ್ದು. ಎಂಡಿಎಫ್ ಅಂದರೆ ಮರದ ನಾರನ್ನ ಒತ್ತಿದ್ದು. ಎಚ್‌ಡಿಎಚ್‌ಎಂಆರ್ ಅದೇ ಜಾತಿಯದ್ದು, ಹೆಚ್ಚು ಸಾಂದ್ರ, ತೇವಕ್ಕೆ ಹೆಚ್ಚು ತಡೆಯುತ್ತೆ. ನಾಲ್ಕನೆಯದು ಪ್ಲೈವುಡ್.

"ಪ್ಲೈ ಒಳ್ಳೇದು, ಪಾರ್ಟಿಕಲ್ ಬೋರ್ಡ್ ಕೆಟ್ಟದ್ದು" ಅಂತ ಊರಲ್ಲಿ ಎಲ್ಲರೂ ಹೇಳ್ತಾರೆ. ಅದು ಅರ್ಧ ನಿಜ. ಯುರೋಪಿನ ಕಿಚನ್‌ಗಳ ಕಾರ್ಕಸ್ ಹೆಚ್ಚಿನವು ಪಾರ್ಟಿಕಲ್ ಬೋರ್ಡಿನವೇ, ವರ್ಷಗಟ್ಟಲೆ ಬಾಳ್ತವೆ. ಆದರೆ ಅಲ್ಲಿ ಅಡುಗೆಮನೆಯ ನೆಲಕ್ಕೆ ಬಕೆಟ್ ನೀರು ಸುರಿದು ತೊಳೆಯಲ್ಲ. ದಿನಕ್ಕೆ ಎರಡು ಸಲ ಕುಕ್ಕರ್ ಸೀಟಿಯ ಆವಿ ಮೇಲಿನ ಪೆಟ್ಟಿಗೆಯ ಹೊಟ್ಟೆಗೆ ಹೊಡೆಯಲ್ಲ. ಮೂರು ತಿಂಗಳ ಮುಂಗಾರು ಇಲ್ಲ. ಇನ್ನೊಂದು ಕಡೆ, ಕಳಪೆ ಪ್ಲೈನಲ್ಲಿ ಒಳಪದರಗಳ ನಡುವೆ ಟೊಳ್ಳು ಇರುತ್ತೆ. ಒಳ್ಳೆ ಪಾರ್ಟಿಕಲ್ ಬೋರ್ಡ್ ಅದಕ್ಕಿಂತ ವಾಸಿ.

ಪ್ಲೈವುಡ್ ಅಂದ ತಕ್ಷಣ ಗ್ರೇಡ್ ಕೇಳಿ. ಇಲ್ಲೇ ಬಹಳ ಜನ ಮೋಸ ಹೋಗೋದು. ಕೊಟೇಶನ್‌ನಲ್ಲಿ "ಎಂಆರ್ ಗ್ರೇಡ್ ಪ್ಲೈ" ಅಂತ ಇರುತ್ತೆ. ಎಂಆರ್ ಅಂದರೆ ಮಾಯಿಶ್ಚರ್ ರೆಸಿಸ್ಟೆಂಟ್, ಓದಿದರೆ ನೀರಿಗೆ ತಡೆಯುತ್ತೆ ಅನ್ನಿಸುತ್ತೆ. ವಾಸ್ತವದಲ್ಲಿ ಅದು ಅಂಗಡಿಯಲ್ಲಿ ಕಮರ್ಷಿಯಲ್ ಪ್ಲೈ ಅಂತ ಕರೆಯೋ ಸಾಮಾನ್ಯ ದರ್ಜೆ. ಬೆಡ್‌ರೂಮ್ ವಾರ್ಡ್‌ರೋಬ್‌ಗೆ ಸರಿ, ಸಿಂಕ್ ಕೆಳಗೆ ಬೇಡ. ಮರೀನ್ ಅಥವಾ ಬಿಡಬ್ಲ್ಯುಪಿ ಅನ್ನೋದಕ್ಕೆ ಐಎಸ್ 710 ಅನ್ನೋ ಭಾರತೀಯ ಮಾನದಂಡ ಇದೆ. ಅದರ ಅಂಟನ್ನ 72 ಗಂಟೆ ಕುದಿಯೋ ನೀರಿನಲ್ಲಿಟ್ಟು ಪರೀಕ್ಷೆ ಮಾಡ್ತಾರೆ. ಹಲಗೆ ಮೇಲೆ ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರುತ್ತೆ. ಬಿಐಎಸ್ ಕೇರ್ ಅನ್ನೋ ಸರಕಾರಿ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಗೆ, ಯಾವ ಮಾಲಿಗೆ ಕೊಟ್ಟದ್ದು, ಇನ್ನೂ ಚಾಲ್ತಿಯಲ್ಲಿದೆಯಾ ಅಂತ ತೋರಿಸುತ್ತೆ. ಒಂದು ನಿಮಿಷದ ಕೆಲಸ. ಛಾಪು ಹೊಡೆಯೋದು ಸುಲಭ, ನಂಬರ್ ಹೊಂದಿಸೋದು ಕಷ್ಟ.

ಪಾರ್ಟಿಕಲ್ ಬೋರ್ಡಿನಲ್ಲಿ ಇನ್ನೊಂದು ಮಾತು ಕೇಳ್ತೀರಿ: "ಸರ್, ಒಳಗೆ ಹಸಿರು ಇದೆ ನೋಡಿ, ವಾಟರ್‌ಪ್ರೂಫ್." ಹಸಿರು ಅನ್ನೋದು ಬರೀ ಬಣ್ಣ. ತೇವ ತಡೆಯೋ ಬೋರ್ಡನ್ನ ಗುರುತು ಹಿಡಿಯೋಕೆ ಕಾರ್ಖಾನೆಯವರು ಹಾಕ್ತಾರೆ. ತಡೆಯೋದು ಒಳಗಿನ ಅಂಟು ಮತ್ತು ಮೇಣ. ಆ ಅಂಟು ಹಾಕದೆ ಹಸಿರು ಬಣ್ಣ ಮಾತ್ರ ಹಾಕೋದಕ್ಕೂ ಯಾರ ಅಡ್ಡಿಯೂ ಇಲ್ಲ. ಮತ್ತೆ, ನಿಜವಾದ ಹಸಿರು ಬೋರ್ಡ್ ಕೂಡ ತೇವ ತಡೆಯುತ್ತೆ ಅಷ್ಟೇ. ನೀರಲ್ಲಿ ನಿಂತರೆ ಅದೂ ಉಬ್ಬುತ್ತೆ.

ಒಂದು ಬಕೆಟ್, ಒಂದು ದಿನ

ಹಾಗಾದರೆ ಗೊತ್ತು ಮಾಡಿಕೊಳ್ಳೋದು ಹೇಗೆ? ಅಂಗಡಿಯವರಿಂದ ಕಾರ್ಕಸ್ ಬೋರ್ಡಿನ ಒಂದು ತುಂಡು ಕೇಳಿ. ಅಂಗೈಯಷ್ಟು ಸಾಕು. ಕೊಯ್ದ ತುಂಡು ಅವರ ಹತ್ತಿರ ರಾಶಿ ಇರುತ್ತೆ. ಕೊಡಲ್ಲ ಅಂದರೆ ಅದೂ ಒಂದು ಉತ್ತರವೇ.

ಮನೆಗೆ ತಂದು ದಪ್ಪ ಅಳೆಯಿರಿ. ವರ್ನಿಯರ್ ಕ್ಯಾಲಿಪರ್ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೇ ಸಿಗುತ್ತೆ. 18 ಮಿ.ಮೀ. ಅಂತ ಹೇಳಿ 16 ಕೊಡೋರು ಇದ್ದಾರೆ, ಅದು ಇಲ್ಲೇ ಸಿಕ್ಕಿಬೀಳುತ್ತೆ. ಆಮೇಲೆ ನೀರಲ್ಲಿ ಮುಳುಗಿಸಿ, ಮೇಲೆ ಒಂದು ತೂಕ ಇಟ್ಟು 24 ಗಂಟೆ ಬಿಡಿ. ತೆಗೆದು ಮತ್ತೆ ಅಳೆಯಿರಿ. ನಮ್ಮ ಮನೆಯಲ್ಲಿ ಎರಡನೇ ಸಲ ಕಿಚನ್ ಮಾಡಿಸುವಾಗ ನಾಲ್ಕು ತುಂಡು ಹಾಕಿದ್ದೆ. ಸಾದಾ ಪಾರ್ಟಿಕಲ್ ಬೋರ್ಡ್ 18ರಿಂದ 21 ದಾಟಿತು, ಅಂಚು ಬೆರಳಲ್ಲಿ ಒತ್ತಿದರೆ ಅವಲಕ್ಕಿ ಥರ ಉದುರಿತು. ಒಂದು ಹಸಿರು ತುಂಡು 19ರ ಆಸುಪಾಸಿಗೆ ನಿಂತಿತು. ಇನ್ನೊಂದು ಅಂಗಡಿಯ ಹಸಿರು ತುಂಡು ಸಾದಾ ಬೋರ್ಡಿನಷ್ಟೇ ಉಬ್ಬಿತು. ಎಚ್‌ಡಿಎಚ್‌ಎಂಆರ್ ತುಂಡು ಅರ್ಧ ಮಿಲಿಮೀಟರ್‌ನಷ್ಟು ಹೆಚ್ಚಾಯಿತು, ಗಟ್ಟಿಯಾಗೇ ಇತ್ತು. ಇದು ಪ್ರಯೋಗಾಲಯದ ಪರೀಕ್ಷೆ ಅಲ್ಲ, ಒಂದೊಂದೇ ತುಂಡು. ಆದರೆ ಎರಡು ಹಸಿರು ತುಂಡುಗಳ ನಡುವಿನ ವ್ಯತ್ಯಾಸ ನೋಡಿದ ಮೇಲೆ ನಾನು ಯಾರ ಮಾತನ್ನೂ ಹಾಗೇ ನಂಬಲಿಲ್ಲ.

ಇನ್ನೊಂದು ಸುಲಭ ಪರೀಕ್ಷೆ ತೂಕ. ಕೆಳಗಿನ ಪೆಟ್ಟಿಗೆಯ ಪಕ್ಕದ ಹಲಗೆ ಸಾಮಾನ್ಯವಾಗಿ 720 ಮಿ.ಮೀ. ಎತ್ತರ, 560 ಮಿ.ಮೀ. ಆಳ ಇರುತ್ತೆ. ದಪ್ಪ 18 ಅಂದರೆ, ಸಾಂದ್ರತೆ ಘನಮೀಟರಿಗೆ 650 ಕೆ.ಜಿ. ಇರೋ ಪಾರ್ಟಿಕಲ್ ಬೋರ್ಡ್ ಆದರೆ ಸುಮಾರು 4.7 ಕೆ.ಜಿ. ತೂಗುತ್ತೆ. ಎಚ್‌ಡಿಎಚ್‌ಎಂಆರ್ 850ರ ಆಸುಪಾಸು, ಅದೇ ಹಲಗೆ 6.2 ಕೆ.ಜಿ. ಆಗುತ್ತೆ. ಬಿಲ್‌ನಲ್ಲಿ ಎಚ್‌ಡಿಎಚ್‌ಎಂಆರ್ ಅಂತ ಇದ್ದು, ಮನೆಗೆ ಬಂದ ಹಲಗೆ ನಾಲ್ಕೂಮುಕ್ಕಾಲು ಕೆ.ಜಿ. ತೂಗಿದರೆ ಜೋಡಿಸೋಕೆ ಬಿಡಬೇಡಿ. ಲಗೇಜ್ ತೂಗೋ ಕೊಕ್ಕೆ ತಕ್ಕಡಿ ನಮ್ಮೆಲ್ಲರ ಮನೆಯಲ್ಲೂ ಇದೆಯಲ್ಲ, ಅದನ್ನೇ ಬಳಸಿ.

ಅಂಚು

ಬೋರ್ಡಿನ ಮೇಲ್ಮೈಗೆ ಲ್ಯಾಮಿನೇಟ್ ಇರುತ್ತೆ, ಅಲ್ಲಿಂದ ನೀರು ಹೋಗಲ್ಲ. ಹೋಗೋದು ಅಂಚಿನಿಂದ. ಅದಕ್ಕೇ ಅಂಚಿಗೆ ಪಿವಿಸಿ ಪಟ್ಟಿ ಅಂಟಿಸ್ತಾರೆ, ಎಡ್ಜ್ ಬ್ಯಾಂಡಿಂಗ್ ಅಂತ. ಮುಂದೆ ಕಾಣೋ ಅಂಚಿಗೆ ಎಲ್ಲರೂ ಹಾಕ್ತಾರೆ. ನೀವು ನೋಡಬೇಕಾದ್ದು ಕಾಣದ ಅಂಚು. ಶೋರೂಮ್‌ನಲ್ಲಿ ಬಗ್ಗಿ, ಪಕ್ಕದ ಹಲಗೆಯ ಕೆಳಗಿನ ಅಂಚಿಗೆ ಬೆರಳು ಹಾಕಿ. ಹಿಂದಿನ ಅಂಚು ನೋಡಿ. ಪಟ್ಟಿ ಇಲ್ಲದೆ ಬರೀ ಮರದ ಚೂರು ಕೈಗೆ ತಾಗಿದರೆ, ನೆಲ ಒರೆಸಿದ ನೀರು ಹತ್ತೋದು ಅಲ್ಲಿಂದಲೇ.

ಪಟ್ಟಿ ಇದ್ದರೆ ಅದರ ಸಂದಿಗೆ ಉಗುರು ಹಾಕಿ ಎಳೆದು ನೋಡಿ. ಯಂತ್ರದಲ್ಲಿ ಬಿಸಿ ಅಂಟಿನಿಂದ ಕೂರಿಸಿದ್ದು ಉಗುರಿಗೆ ಸಿಗಲ್ಲ. ಕೈಯಲ್ಲಿ ಫೆವಿಕಾಲ್ ಥರದ ಅಂಟು ಹಚ್ಚಿ ಕೂರಿಸಿದ್ದು ಮೂಲೆಯಲ್ಲಿ ಏಳುತ್ತೆ. ಅಂಟಿನಲ್ಲೂ ಎರಡು ಬಗೆ ಇದೆ: ಇವಿಎ ಸಾಮಾನ್ಯದ್ದು, ಪಿಯುಆರ್ ಬಿಸಿಗೂ ನೀರಿಗೂ ಹೆಚ್ಚು ತಾಳುತ್ತೆ. ಸಿಂಕ್, ಒಲೆ ಪಕ್ಕದ ಪೆಟ್ಟಿಗೆಗಳಿಗಾದರೂ ಪಿಯುಆರ್ ಇದೆಯಾ ಕೇಳಿ.

ಇನ್ನು ಸಿಂಕ್ ಪೈಪಿಗೆ ಅಂತ ಕೆಲಸದವರು ಮನೆಯಲ್ಲೇ ಕೊರೆಯೋ ತೂತು. ಕಾರ್ಖಾನೆಯಲ್ಲಿ ಎಷ್ಟೇ ಚೆನ್ನಾಗಿ ಅಂಚು ಮುಚ್ಚಿದ್ದರೂ ಈ ತೂತಿನಲ್ಲಿ ಹಸಿ ಅಂಚು ತೆರೆದೇ ಉಳಿಯುತ್ತೆ. ಕೊರೆದ ಕೂಡಲೇ ಸುತ್ತಲೂ ಸಿಲಿಕೋನ್ ಹಚ್ಚಿಸಿ. ನಾನು ಮುಂದೆ ನಿಂತು ಹಚ್ಚಿಸಿದೆ. "ಸಬ್ ವಾಟರ್‌ಪ್ರೂಫ್ ಹೈ ಸರ್" ಅಂದ ಆ ಹುಡುಗ. ಇರಲಿ ಭಾಯ್, ಹಚ್ಚಿಬಿಡು ಅಂದೆ.

ಅಂಚು ಮುಚ್ಚೋದಕ್ಕೆ ಇನ್ನೊಂದು ಕಾರಣವೂ ಇದೆ. ಈ ಬೋರ್ಡುಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನ್ನೋ ಅನಿಲ ನಿಧಾನವಾಗಿ ಹೊರಗೆ ಬರುತ್ತೆ. ಹೊಸ ಕಿಚನ್‌ನಲ್ಲಿ ಕಣ್ಣು ಉರಿಯೋ ಘಾಟು ಬರುತ್ತಲ್ಲ, ಅದರಲ್ಲಿ ಇದರ ಪಾಲು ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಇದನ್ನ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹೆದರಿ ಓಡಬೇಕಾಗಿಲ್ಲ. ಬೋರ್ಡ್ ಇ1 ದರ್ಜೆಯದ್ದಾ ಅಂತ ಕೇಳಿ, ಅಂಚೆಲ್ಲ ಮುಚ್ಚಿಸಿ, ಮೊದಲ ಕೆಲವು ವಾರ ಕಿಟಕಿ ತೆರೆದಿಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಪ್ರಶ್ನೆ ಬಿಡಲೇಬೇಡಿ.

ಬೆನ್ನು: ನಮ್ಮ ಕ್ಯಾಬಿನೆಟ್ ಬಿದ್ದದ್ದು ಯಾಕೆ

ಈಗ ಮೊದಲಿನ ಕಥೆಗೆ ಬರ್ತೀನಿ. ಆವತ್ತು ಡಬ್ಬಿಗಳನ್ನೆಲ್ಲ ಎತ್ತಿಟ್ಟ ಮೇಲೆ ಗೋಡೆ ನೋಡಿದೆ. ಸ್ಕ್ರೂಗಳು ಗೋಡೆಯಲ್ಲೇ ಗಟ್ಟಿಯಾಗಿ ನಿಂತಿದ್ದವು. ಹರಿದದ್ದು ಕ್ಯಾಬಿನೆಟ್ಟಿನ ಬೆನ್ನು. 3 ಮಿ.ಮೀ. ದಪ್ಪದ ಎಂಡಿಎಫ್ ಹಾಳೆ. ಆ ಹಾಳೆಯ ಮೂಲಕ ಸ್ಕ್ರೂ ಹೊಡೆದು ಇಡೀ ಪೆಟ್ಟಿಗೆ ನೇತುಹಾಕಿದ್ದರು. ಮಳೆಗಾಲದ ತೇವಕ್ಕೆ ಹಾಳೆ ಮೆತ್ತಗಾಗಿ, ಸ್ಕ್ರೂ ತಲೆ ಅದನ್ನ ತೂರಿಕೊಂಡು ಹೊರಗೆ ಬಂದಿತ್ತು. ಡಬ್ಬಿಗಳನ್ನ ತೂಗಿ ನೋಡಿದೆ, 38 ಕೆ.ಜಿ. ನಮ್ಮ ಕಡೆಯವರ ಮನೆ ಅಂದರೆ ಇಷ್ಟು ಇದ್ದೇ ಇರುತ್ತೆ. ಊರಿಂದ ಬರೋವಾಗ ಅವ್ವ ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು, ಬೆಲ್ಲ ತರ್ತಾಳೆ, ಅದೆಲ್ಲ ಅಲ್ಲೇ.

ಹಾಗಾಗಿ ಮೇಲಿನ ಕ್ಯಾಬಿನೆಟ್‌ಗೆ ಮೂರು ಪ್ರಶ್ನೆ. ಒಂದು, ಬೆನ್ನಿನ ಹಲಗೆ ಎಷ್ಟು ದಪ್ಪ, ಯಾವುದರದ್ದು? ಎರಡು, ಭಾರ ಹೊರೋದು ಯಾವುದು? ಸರಿಯಾದ ಪದ್ಧತಿಯಲ್ಲಿ ಪಕ್ಕದ ಹಲಗೆಗಳಿಗೆ ಲೋಹದ ಹ್ಯಾಂಗರ್ ಹಾಕಿ, ಗೋಡೆಗೆ ಹೊಡೆದ ಲೋಹದ ಪಟ್ಟಿಗೆ ಅದನ್ನ ಸಿಕ್ಕಿಸ್ತಾರೆ. ಆಗ ಬೆನ್ನಿನ ಮೇಲೆ ಭಾರ ಬೀಳೋದೇ ಇಲ್ಲ, ಅದು ತೆಳ್ಳಗಿದ್ದರೂ ನಡೆಯುತ್ತೆ. ಹ್ಯಾಂಗರ್ ಇಲ್ಲ ಅಂದರೆ ಬೆನ್ನು ದಪ್ಪ ಇರಬೇಕು, ಮೇಲ್ಭಾಗದಲ್ಲಿ ಅಡ್ಡಪಟ್ಟಿ ಇರಬೇಕು.

ಮೂರನೆಯದು ನಿಮ್ಮ ಗೋಡೆ. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಕೆಲವಕ್ಕೆ ಪೂರ್ತಿ ಕಾಂಕ್ರೀಟ್ ಗೋಡೆ, ಮಿವಾನ್ ಅಂತಾರೆ, ಅದರಲ್ಲಿ ಹಿಡಿತ ಚೆನ್ನಾಗಿರುತ್ತೆ. ಇನ್ನು ಕೆಲವಕ್ಕೆ ಹಗುರದ ಎಎಸಿ ಬ್ಲಾಕ್, ಪುಣೆಯಲ್ಲಿ ಸಿಪೊರೆಕ್ಸ್ ಅನ್ನೋದು. ಡ್ರಿಲ್ ಮಾಡಿದರೆ ಬೆಣ್ಣೆಯಂತೆ ಹೋಗುತ್ತೆ, ಬಿಳಿ ಪುಡಿ ಬರುತ್ತೆ. ಅದರಲ್ಲಿ ಸಾಮಾನ್ಯ ಪ್ಲಾಸ್ಟಿಕ್ ಗಟ್ಟ ನಿಲ್ಲಲ್ಲ, ಎಎಸಿಗೆಂದೇ ಇರೋ ಉದ್ದದ ಆ್ಯಂಕರ್ ಬೇಕು. ಕೆಲಸ ಶುರು ಮಾಡೋ ಮುಂಚೆ ಬಿಲ್ಡರ್ ಕಡೆಯಿಂದಲೋ ಸೊಸೈಟಿಯಿಂದಲೋ ಗೋಡೆ ಯಾವುದು ಅಂತ ತಿಳ್ಕೊಳ್ಳಿ. ಬೇರೆಲ್ಲ ಕಡೆ ತಪ್ಪಾದರೆ ದುಡ್ಡು ಹೋಗುತ್ತೆ. ಇಲ್ಲಿ ತಪ್ಪಾದರೆ ಕೆಳಗೆ ನಿಂತವರ ತಲೆ.

ಉದ್ದದ ಶೆಲ್ಫ್

ಒಂದು ಸಣ್ಣ ಲೆಕ್ಕ. ಶೆಲ್ಫ್ ಮೇಲೆ ಉದ್ದಕ್ಕೂ ಒಂದೇ ಸಮ ಡಬ್ಬಿ ಜೋಡಿಸಿದರೆ, ನಡುವೆ ಅದು ಬಾಗೋದು ಉದ್ದದ ನಾಲ್ಕನೇ ಘಾತಕ್ಕೆ ತಕ್ಕಂತೆ ಹೆಚ್ಚುತ್ತೆ. 600 ಮಿ.ಮೀ. ಶೆಲ್ಫ್ ಬದಲು 900ರದ್ದು ಹಾಕಿದರೆ ಉದ್ದ ಒಂದೂವರೆ ಪಟ್ಟು, ಬಾಗೋದು ಸುಮಾರು ಐದು ಪಟ್ಟು. ದಪ್ಪ ಹೆಚ್ಚಿದರೆ ಅದರ ಮೂರನೇ ಘಾತಕ್ಕೆ ತಕ್ಕಂತೆ ಬಾಗೋದು ಕಡಿಮೆ ಆಗುತ್ತೆ. 16ರ ಬದಲು 18 ಹಾಕಿದರೆ ನಲವತ್ತು ಪರ್ಸೆಂಟಿನಷ್ಟು ಹೆಚ್ಚು ಬಿಗಿ. ಎರಡು ಮಿಲಿಮೀಟರ್‌ಗೆ ಯಾಕೆ ಜಗಳ ಅನ್ನಬೇಡಿ. ಅದರ ಮೇಲೆ ಪಾರ್ಟಿಕಲ್ ಬೋರ್ಡ್ ಮತ್ತು ಎಂಡಿಎಫ್ ಒಂದೇ ಭಾರದಡಿ ವರ್ಷ ಕಳೆದಂತೆ ಇನ್ನಷ್ಟು ಬಾಗ್ತವೆ, ಭಾರ ತೆಗೆದರೂ ಪೂರ್ತಿ ನೇರ ಆಗಲ್ಲ.

ದೊಡ್ಡ ಪೆಟ್ಟಿಗೆ ಒಂದರ ಬದಲು ಚಿಕ್ಕವು ಎರಡು ಮಾಡಿದರೆ ಪಕ್ಕದ ಹಲಗೆ ಎರಡು ಜಾಸ್ತಿ ಬೇಕು, ಅದಕ್ಕೇ ಅಗ್ಗದ ಡಿಸೈನ್‌ನಲ್ಲಿ 900, 1000ದ ಪೆಟ್ಟಿಗೆಗಳೇ ಜಾಸ್ತಿ. ಬೇಳೆಕಾಳು, ಗ್ರೈಂಡರ್, ಇಡ್ಲಿ ಪಾತ್ರೆ ಇಡೋ ಕಡೆ 600ಕ್ಕೆ ನಿಲ್ಲಿಸಿ. ಪ್ಲಾಸ್ಟಿಕ್ ಡಬ್ಬಿ, ಬಿಸ್ಕತ್ತು, ಟಿಶ್ಯೂ ಇಡೋ ಕಡೆ ದೊಡ್ಡದಿರಲಿ.

ನಮ್ಮ ಕಡೆ, ಪುಣೆಯಲ್ಲೂ, ಬಿಲ್ಡರ್‌ಗಳು ಕಲ್ಲಿನ ಕಟ್ಟೆ ಕಟ್ಟಿ ಕೊಡ್ತಾರೆ. ಮರಾಠಿಯವರು ಓಟಾ ಅಂತಾರೆ. ಹಾಗಿದ್ದರೆ ಕೆಳಗಿನ ಪೆಟ್ಟಿಗೆಗೆ ಭಾರ ಇಲ್ಲ, ಅದನ್ನ ಒಡೆಸಬೇಡಿ. ಒಡೆಸಿ ಪೆಟ್ಟಿಗೆ ಮೇಲೇ ಗ್ರಾನೈಟ್ ಕೂರಿಸ್ತೀವಿ ಅಂದರೆ, ಹತ್ತು ಅಡಿ ಉದ್ದ ಎರಡಡಿ ಅಗಲದ 20 ಮಿ.ಮೀ. ಗ್ರಾನೈಟ್ ಹತ್ತಿರ ಹತ್ತಿರ 100 ಕೆ.ಜಿ. ತೂಗುತ್ತೆ ಅನ್ನೋದು ನೆನಪಿರಲಿ.

ಕಬ್ಬಿಣದ ಸಾಮಾನು

ಹಿಂಜ್, ಚಾನೆಲ್, ಬಾಸ್ಕೆಟ್. ಇದರಲ್ಲಿ ನೋಡಬೇಕಾದ್ದು ಮೂರೇ.

ಹಿಂಜ್: ಬಾಗಿಲಿನ ಒಳಗೆ 35 ಮಿ.ಮೀ. ವ್ಯಾಸದ ಬಟ್ಟಲಿನ ಹಿಂಜ್, ಪಕ್ಕದ ಹಲಗೆಯಲ್ಲಿ 32 ಮಿ.ಮೀ.ಗೆ ಒಂದರಂತೆ ತೂತುಗಳ ಸಾಲು ಇದ್ದರೆ ಅದು ಜಗತ್ತಿನಾದ್ಯಂತ ನಡೆಯೋ ಅಳತೆ. ಬ್ಲುಮ್, ಹೆಟ್ಟಿಕ್, ಹಾಫೆಲೆ, ಎಬ್ಕೋ ಯಾವುದೇ ಆದರೂ ಐದು ವರ್ಷದ ನಂತರ ಹಾರ್ಡ್‌ವೇರ್ ಅಂಗಡಿಯಿಂದ ತಂದು ನೀವೇ ಬದಲಾಯಿಸಬಹುದು. ಯಾರದ್ದೋ ಸ್ವಂತ ಅಳತೆ ಆಗಿದ್ದರೆ ಆ ಕಂಪನಿ ಮುಚ್ಚಿದ ದಿನ ನಿಮ್ಮ ಬಾಗಿಲೂ ಮುಚ್ಚಿತು.

ಚಾನೆಲ್: ಡ್ರಾಯರನ್ನ ಪೂರ್ತಿ ಎಳೆದು, ಮುಂದಿನ ಮೂಲೆಯನ್ನ ಕೈಯಿಂದ ಒತ್ತಿ, ಪಕ್ಕಕ್ಕೆ ಅಲ್ಲಾಡಿಸಿ. ಖಾಲಿ ಡ್ರಾಯರ್ ಎಲ್ಲವೂ ನುಣ್ಣಗೆ ಓಡುತ್ತೆ. ನಾನು ಎರಡನೇ ಸಲ ಶೋರೂಮಿಗೆ ಹೋದಾಗ ಬ್ಯಾಗಿನಲ್ಲಿ ಐದು ಕೆ.ಜಿ. ಅಕ್ಕಿಯ ಎರಡು ಚೀಲ ಒಯ್ದು ಡ್ರಾಯರ್‌ನಲ್ಲಿಟ್ಟು ಎಳೆದೆ. ಸೇಲ್ಸ್ ಹುಡುಗಿ ನಕ್ಕಳು. ನಗಲಿ ಬಿಡಿ.

ಬಾಸ್ಕೆಟ್: "304 ಸ್ಟೀಲ್ ಸರ್, ನೋಡಿ ಮ್ಯಾಗ್ನೆಟ್ ಹಿಡಿಯಲ್ಲ" ಅಂತಾರೆ. 202 ದರ್ಜೆಗೂ ಆಯಸ್ಕಾಂತ ಹೆಚ್ಚುಕಡಿಮೆ ಹಿಡಿಯಲ್ಲ. ಆದರೆ ಅದರಲ್ಲಿ ನಿಕಲ್ ಕಡಿಮೆ, ತೇವದ ಜಾಗದಲ್ಲಿ ಬೇಗ ತುಕ್ಕಿನ ಚುಕ್ಕೆ ಬರುತ್ತೆ. ಹಾಗಾಗಿ ಆಯಸ್ಕಾಂತದಿಂದ 304 ಅಂತ ಸಾಬೀತಾಗಲ್ಲ. ಬಿಲ್‌ನಲ್ಲಿ ದರ್ಜೆ ಬರೆಸಿ. ಮುಂಬೈ, ಚೆನ್ನೈಯಲ್ಲಿ ಇರೋರು ಇದನ್ನ ಬಿಡಬೇಡಿ, ಸಮುದ್ರದ ಗಾಳಿ ಸುಮ್ಮನಿರಲ್ಲ.

ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ಎಲ್ಲ ಕಡೆ ಒಂದೇ ಮಾಲು ಬೇಕಾಗಿಲ್ಲ. ಇದು ನನಗೆ ತಡವಾಗಿ ಹೊಳೆದ ವಿಷಯ. ಅಂಗಡಿಯವರು ಪ್ಯಾಕೇಜ್ ಅಂತ ಕೊಡ್ತಾರೆ: ಎಲ್ಲ ಪಾರ್ಟಿಕಲ್ ಬೋರ್ಡ್, ಇಲ್ಲ ಎಲ್ಲ ಪ್ಲೈ. ಬಿಡಿಸಿ ಕೇಳಿ. ಸಿಂಕ್ ಕೆಳಗಿನ ಪೆಟ್ಟಿಗೆ, ಅದರ ಪಕ್ಕದ್ದು, ಇವೆರಡಕ್ಕೆ ಐಎಸ್ 710 ಪ್ಲೈ ಅಥವಾ ಎಚ್‌ಡಿಎಚ್‌ಎಂಆರ್. ಮೇಲಿನ ಪೆಟ್ಟಿಗೆ, ಒಣ ಮೂಲೆ, ಇವಕ್ಕೆ ಒಳ್ಳೆ ತೇವನಿರೋಧಕ ಪಾರ್ಟಿಕಲ್ ಬೋರ್ಡ್ ಸಾಕು. ಕೆಳಗಿನ ಪೆಟ್ಟಿಗೆಗಳೆಲ್ಲ ಪ್ಲಾಸ್ಟಿಕ್ ಕಾಲಿನ ಮೇಲೆ ನಿಲ್ಲಲಿ, ನೆಲಕ್ಕೆ ಬೋರ್ಡ್ ತಾಗಲೇಬಾರದು. ಮುಂದೆ ಮುಚ್ಚೋ ಪಟ್ಟಿ ಪಿವಿಸಿಯದ್ದಾಗಲಿ.

ಉಳಿಸೋದು ಶಟರ್‌ನಲ್ಲಿ. ಸಾದಾ ಲ್ಯಾಮಿನೇಟ್ ಬಾಗಿಲು ಗೀರಿಗೂ ಎಣ್ಣೆಗೂ ತಡೆಯುತ್ತೆ, ಬೆಲೆಯೂ ಕಡಿಮೆ. ಹೊಳೆಯೋ ಅಕ್ರಿಲಿಕ್ ಗೀರು ತೋರಿಸುತ್ತೆ. ಮೆಂಬ್ರೇನ್ ಅನ್ನೋ ಪಿವಿಸಿ ಹಾಳೆ ಹೊದಿಸಿದ ಬಾಗಿಲು ಒಲೆಯ ಪಕ್ಕದಲ್ಲಿ ಬಿಸಿಗೆ ಸುಲಿದು ಬರುತ್ತೆ. ಒಳಗಿನ ಬಾಸ್ಕೆಟ್‌ಗಳೂ ಎಲ್ಲ ಒಟ್ಟಿಗೆ ಬೇಕಾಗಿಲ್ಲ. ಅಳತೆ ಸರಿಯಾಗಿದ್ದರೆ ಮುಂದಿನ ಬೋನಸ್‌ನಲ್ಲಿ ಹಾಕಿಸಬಹುದು. ಕಾರ್ಕಸ್ ಹಾಗೆ ಆಮೇಲೆ ಹಾಕೋಕಾಗಲ್ಲ.

ಬಾಡಿಗೆ ಮನೆಯಲ್ಲಿದ್ದು ಒಯ್ಯೋಕಾಗುತ್ತೆ ಅಂತ ಫ್ಲಾಟ್ ಪ್ಯಾಕ್ ತಗೊಳ್ಳೋರಿಗೆ ಒಂದು ಮಾತು. ಪಾರ್ಟಿಕಲ್ ಬೋರ್ಡಿನಲ್ಲಿ ಸ್ಕ್ರೂ ಒಂದು ಸಲ ಬಿಚ್ಚಿ ಮತ್ತೆ ಹಾಕಿದರೆ ಹಿಡಿತ ಕಡಿಮೆ ಆಗುತ್ತೆ. ಒಂದು ಸಲ ಮನೆ ಬದಲಾಯಿಸೋದು ಪರವಾಗಿಲ್ಲ. ಮೂರು ಸಲ ಅಂದರೆ ಅದು ಕಿಚನ್ ಅಲ್ಲ, ಪಗಡೆ ಮನೆ.

ಮಾಲು ಬಂದ ದಿನ

ರಜೆ ಹಾಕಿ ಮನೆಯಲ್ಲಿರಿ. ಡಬ್ಬಿ ಬಿಚ್ಚುವಾಗ ಮೂಲೆಗಳು ಜಜ್ಜಿವೆಯಾ ನೋಡಿ, ಫೋಟೊ ತೆಗೆಯಿರಿ. ಮೊದಲ ಪೆಟ್ಟಿಗೆ ಜೋಡಿಸಿದ ಕೂಡಲೇ ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. 600 ಅಗಲ 720 ಎತ್ತರದ್ದಾದರೆ ಎರಡೂ ಕರ್ಣ 937 ಮಿ.ಮೀ. ಬರಬೇಕು. ಎರಡು ಮೂರು ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪೆಟ್ಟಿಗೆ ಸೊಟ್ಟಗಿದೆ ಅಂತ ಅರ್ಥ. ಬಾಗಿಲು ಯಾವತ್ತೂ ಸರಿ ಕೂರಲ್ಲ, ಹಿಂಜ್ ತಿರುಗಿಸಿ ತಿರುಗಿಸಿ ಕೈ ಸೋಲುತ್ತೆ.

ಮತ್ತೆ ಕೊಟೇಶನ್. "ಪ್ರೀಮಿಯಂ ಕ್ವಾಲಿಟಿ", "ಬ್ರಾಂಡೆಡ್ ಹಾರ್ಡ್‌ವೇರ್" ಅನ್ನೋ ಪದ ಇದ್ದರೆ ಹೊಡೆದು ಹಾಕಿ, ಹೆಸರು ಬರೆಸಿ. ಕಾರ್ಕಸ್ ಬೋರ್ಡಿನ ಕಂಪನಿ, ದರ್ಜೆ, ದಪ್ಪ, ಬೆನ್ನಿನ ದಪ್ಪ, ಅಂಚು ಎಷ್ಟು ಬದಿಗೆ, ಮೇಲಿನ ಪೆಟ್ಟಿಗೆ ನೇತುಹಾಕೋ ಪದ್ಧತಿ, ಹಿಂಜ್, ಚಾನೆಲ್ ಹೆಸರು. ಆರೇಳು ಸಾಲು. ಹತ್ತು ವರ್ಷದ ವಾರಂಟಿ ಅಂದರೆ ಅದರಲ್ಲಿ "ನೀರಿನಿಂದಾದ ಹಾನಿ ಸೇರಿಲ್ಲ" ಅನ್ನೋ ಸಾಲು ಇದೆಯಾ ಹುಡುಕಿ. ನನ್ನದರಲ್ಲಿ ಇತ್ತು. ಅಡುಗೆಮನೆಯಲ್ಲಿ ನೀರಿನಿಂದ ಅಲ್ಲದೆ ಇನ್ನು ಯಾವುದರಿಂದ ಹಾನಿ ಆಗುತ್ತೆ, ನೀವೇ ಹೇಳಿ.

ನಮ್ಮ ಎರಡನೇ ಕಿಚನ್‌ಗೆ ಮೊದಲಿನದಕ್ಕಿಂತ ಹದಿನೆಂಟು ಸಾವಿರ ಹೆಚ್ಚಾಯಿತು. ಬಾಗಿಲು ಸಾದಾ ಬಿಳಿ ಲ್ಯಾಮಿನೇಟ್. ಬಂದ ನೆಂಟರು ಯಾರೂ ವಾವ್ ಅನ್ನಲ್ಲ. ಎರಡು ಮಳೆಗಾಲ ಆಯಿತು, ಸಿಂಕ್ ಕೆಳಗಿನ ಅಂಚು ಪ್ರತಿ ತಿಂಗಳು ಬೆರಳಿಂದ ಸವರಿ ನೋಡ್ತೀನಿ, ಇನ್ನೂ ಉಬ್ಬಿಲ್ಲ.

ಅವ್ವ ಈ ಸಲ ಬಂದಾಗ ಮೇಲಿನ ಕ್ಯಾಬಿನೆಟ್ ಖಾಲಿ ಬಿಟ್ಟು ಡಬ್ಬಿಗಳನ್ನೆಲ್ಲ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಳು. ಹ್ಯಾಂಗರ್, ಆ್ಯಂಕರ್ ಎಲ್ಲ ತೋರಿಸಿ, ಹಿಡಿದು ಜೋತುಬಿದ್ದು ತೋರಿಸಿದೆ. "ಆತು, ನೀ ಹೇಳ್ತಿ ಅಂದ್ರ ಗಟ್ಟಿ ಇರಬೇಕು" ಅಂದಳು. ಹಗುರ ಡಬ್ಬಿಗಳು ಒಂದೊಂದಾಗಿ ಮೇಲೆ ಹೋದವು. ಬೇಳೆ ಡಬ್ಬಿ ಹೋಗೋಕೆ ಹದಿನೈದು ದಿನ ಬೇಕಾಯಿತು.

ನಿಮ್ಮ ಮನೆಯಲ್ಲಿ ಆ ಹದಿನೈದು ದಿನದ ಭಯ ಬರದಿರಲಿ. ಈ ವಾರ ಶೋರೂಮಿಗೆ ಹೋಗ್ತಿದ್ದರೆ ಒಂದು ಟೇಪ್ ತಗೊಂಡು ಹೋಗಿ, ಒಂದು ತುಂಡು ಬೋರ್ಡ್ ತಗೊಂಡು ಬನ್ನಿ.